ಸಿಪ್ಪೆಯೂ ತೂಕಕ್ಕೆ ಬಂದದ್ದೇ

ಸೊಲ್ಲಾಪುರದ ಹೋಟಗಿ ರಸ್ತೆಯಲ್ಲಿ ಓಡಾಡುವವರಿಗೆ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಎತ್ತರದ ಚಿಮಣಿ ಬಹುಕಾಲ ದಿಕ್ಕು ತೋರುವ ಗುರುತಾಗಿತ್ತು. ವಿಮಾನಗಳ ಹಾರಾಟಕ್ಕೆ ಅದು ಅಡ್ಡಿಯಾಗಿದೆ ಎಂಬ ಕಾರಣದಿಂದ 2023ರ ಜೂನ್ ತಿಂಗಳಲ್ಲಿ ಅದನ್ನು ಕೆಡವಲಾಯಿತು. ಸುಮಾರು 90 ಮೀಟರ್ ಎತ್ತರದ ಆ ಕಟ್ಟಡ ಕೆಲವೇ ಕ್ಷಣಗಳಲ್ಲಿ ನೆಲಕ್ಕೊರಗಿತು. ನಗರಕ್ಕೆ ವಿಮಾನ ಬರಲಿ ಎಂದವರು ಒಂದು ಕಡೆ, ಕಾರ್ಖಾನೆಯನ್ನು ನಂಬಿದ ಕಬ್ಬು ಬೆಳೆಗಾರರು ಇನ್ನೊಂದು ಕಡೆ ನಿಂತು ವರ್ಷಗಟ್ಟಲೆ ನಡೆಸಿದ ವಾದಕ್ಕೆ ಅಂದು ತೆರೆ ಬಿದ್ದಿತು.

ಆ ವಾದದ ಗದ್ದಲದಲ್ಲಿ ಹೆಚ್ಚು ಜನ ಕೇಳದೆ ಉಳಿದ ಪ್ರಶ್ನೆಯೊಂದಿದೆ. ಆ ಚಿಮಣಿ ಯಾತಕ್ಕಾಗಿ ಎದ್ದು ನಿಂತಿತ್ತು? ಅದು ಕಾರ್ಖಾನೆಯ ಸಹ-ವಿದ್ಯುತ್ ಯೋಜನೆಗೆ, ಎಂದರೆ ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ ತಯಾರಿಸುವ ಘಟಕಕ್ಕೆ ಸೇರಿದ್ದು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಮನೆಗಳಿಂದ ಪ್ರತಿ ಹಂಗಾಮಿನಲ್ಲಿ ಟ್ರ್ಯಾಕ್ಟರ್ ತುಂಬಿ ಹೋಗುವ ಕಬ್ಬು ಸಕ್ಕರೆಯಾಗುವುದು ಎಲ್ಲರಿಗೂ ಗೊತ್ತು. ಅದೇ ಕಬ್ಬು ವಿದ್ಯುತ್ತೂ ಆಗಿ ತಂತಿಯ ಮೇಲೆ ಹರಿಯುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಆ ವಿದ್ಯುತ್ತಿನ ಮೌಲ್ಯದಲ್ಲಿ ಬೆಳೆದವನ ಪಾಲೆಷ್ಟು ಎಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು.

ಗಾಣದ ಒಲೆಯಿಂದ ಬಾಯ್ಲರಿನವರೆಗೆ

ಕಬ್ಬಿನ ಸಿಪ್ಪೆ ಉರುವಲು ಎಂಬ ಜ್ಞಾನ ಹೊಸದಲ್ಲ. ಬೆಲ್ಲದ ಗಾಣ ನೋಡಿದ ಹಿರಿಯರೆಲ್ಲ ಇದನ್ನು ಬಲ್ಲರು. ಗಾಣದಲ್ಲಿ ರಸ ಹಿಂಡಿದ ಮೇಲೆ ಉಳಿದ ಸಿಪ್ಪೆಯನ್ನು ಅಂಗಳದಲ್ಲಿ ಹರವಿ ಬಿಸಿಲಿಗೆ ಒಣಗಿಸುತ್ತಿದ್ದರು; ಒಣಗಿದ ಸಿಪ್ಪೆಯನ್ನೇ ಕೊಪ್ಪರಿಗೆಯ ಕೆಳಗಿನ ಒಲೆಗೆ ಹಾಕಿ ರಸ ಕಾಯಿಸುತ್ತಿದ್ದರು. ಬೆಲ್ಲ ಮಾಡಲು ಹೊರಗಿನಿಂದ ಕಟ್ಟಿಗೆ ತರುವ ಪ್ರಸಂಗ ಕಡಿಮೆ. ಕಬ್ಬು ತನ್ನ ರಸವನ್ನು ತಾನೇ ಕಾಯಿಸಿಕೊಳ್ಳುತ್ತಿತ್ತು.

ಕಾರ್ಖಾನೆಯಲ್ಲಿ ನಡೆಯುವುದೂ ಮೂಲತಃ ಇದೇ ಕೆಲಸ. ಒಂದು ಟನ್ ಕಬ್ಬನ್ನು ನುರಿಸಿದರೆ ಸುಮಾರು 280 ಕಿಲೋ ಸಿಪ್ಪೆ ಸಿಗುತ್ತದೆ. ಕಾರ್ಖಾನೆಯವರು ಇದನ್ನು ಬಗ್ಯಾಸ ಎನ್ನುತ್ತಾರೆ. ಮರಾಠಿ ಮಾತಿನಲ್ಲಿ ಚಿಪಾಡ ಎಂಬ ಹೆಸರೂ ಇದೆ. ಉರುಳೆಗಳ ಕೆಳಗೆ ಹಿಂಡಿ ಬಂದರೂ ಅದರ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ. ಗಾಣದಲ್ಲಿ ಒಣಗಿಸಲು ಅಂಗಳವಿತ್ತು, ದಿನಗಳ ಬಿಡುವಿತ್ತು. ದಿನಕ್ಕೆ 5000 ಟನ್ ಕಬ್ಬು ನುರಿಸುವ ಕಾರ್ಖಾನೆಯಲ್ಲಿ ಪ್ರತಿದಿನ 1400 ಟನ್ ಸಿಪ್ಪೆ ಬಂದು ಬೀಳುತ್ತದೆ. ಅಷ್ಟನ್ನು ಹರವಲು ಯಾವ ಅಂಗಳವೂ ಸಾಲದು. ಆದ್ದರಿಂದ ಹಸಿಯಾಗಿದ್ದಂತೆಯೇ ಅದನ್ನು ಬಾಯ್ಲರಿನ ಒಲೆಗೆ ಸಾಗಿಸಲಾಗುತ್ತದೆ.

ಹಿಂದೆ ಈ ಸಿಪ್ಪೆಯೇ ಕಾರ್ಖಾನೆಗಳಿಗೆ ತಲೆನೋವಾಗಿತ್ತು. ಕೂಡಿಟ್ಟರೆ ಜಾಗ ತಿನ್ನುತ್ತದೆ, ಬೇಸಿಗೆಯಲ್ಲಿ ಬೆಂಕಿಯ ಭಯ, ಮಳೆಗಾಲದಲ್ಲಿ ಕೊಳೆಯುವ ಭಯ. ಹಳೆಯ ಬಾಯ್ಲರುಗಳು ಕಡಿಮೆ ಒತ್ತಡದಲ್ಲಿ ಉಗಿ ತಯಾರಿಸುತ್ತಿದ್ದವು. ಸಕ್ಕರೆ ತಯಾರಿಕೆಗೆ ಬೇಕಾದಷ್ಟು ಉಗಿ ದೊರೆತು, ಸಿಪ್ಪೆಯೂ ಉರಿದು ಮುಗಿದರೆ ಸಾಕೆಂಬುದು ಅಂದಿನ ಲೆಕ್ಕ. ಉರುವಲನ್ನು ಉಳಿಸುವ ಚಿಂತೆ ಯಾರಿಗೂ ಇರಲಿಲ್ಲ.

ಒಂದೇ ಬೆಂಕಿ, ಎರಡು ಕೆಲಸ

ಬದಲಾವಣೆ ತಂದದ್ದು ಉಗಿಯ ಒತ್ತಡ. ಮನುಷ್ಯನ ಮೈಮೇಲೆ ಗಾಳಿ ಹಾಕುವ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಎಂದು ಶಾಲೆಯ ವಿಜ್ಞಾನ ಪುಸ್ತಕ ಹೇಳುತ್ತದೆ. ಹಳೆಯ ಬಾಯ್ಲರುಗಳಲ್ಲಿ ಉಗಿಯ ಒತ್ತಡ ಅದರ 21 ಅಥವಾ 32 ಪಟ್ಟು ಇರುತ್ತಿತ್ತು. ಇಂದಿನ ಸಹ-ವಿದ್ಯುತ್ ಘಟಕಗಳಲ್ಲಿ ಅದು 67, 87, ಕೆಲವೆಡೆ 110 ಪಟ್ಟು. ಉಗಿಯ ಉಷ್ಣತೆ ಸುಮಾರು 500 ಡಿಗ್ರಿ ಸೆಲ್ಸಿಯಸ್. ಅಷ್ಟು ಬಲದ ಉಗಿ ಮೊದಲು ಟರ್ಬೈನಿನ ಅಲಗುಗಳನ್ನು ತಿರುಗಿಸುತ್ತದೆ. ಟರ್ಬೈನಿಗೆ ಜೋಡಿಸಿದ ಜನರೇಟರಿನಲ್ಲಿ ವಿದ್ಯುತ್ ಹುಟ್ಟುತ್ತದೆ.

ಅಲ್ಲಿಗೆ ಉಗಿಯ ಕೆಲಸ ಮುಗಿಯುವುದಿಲ್ಲ. ಟರ್ಬೈನಿನಿಂದ ಹೊರಬರುವಾಗ ಅದರ ಬಲ ಕುಗ್ಗಿರುತ್ತದೆಯೇ ಹೊರತು ಬಿಸಿ ಆರಿರುವುದಿಲ್ಲ. ಕಬ್ಬಿನ ರಸವನ್ನು ಕುದಿಸಿ ಗಟ್ಟಿಗೊಳಿಸಲು ಆ ಬಿಸಿ ಸಾಕು. ಹೀಗೆ ಒಂದೇ ಬೆಂಕಿ ಮೊದಲು ವಿದ್ಯುತ್ತನ್ನು, ಆಮೇಲೆ ಸಕ್ಕರೆಯನ್ನು ಕೊಡುತ್ತದೆ. 'ಸಹ-ವಿದ್ಯುತ್' ಎಂಬ ಹೆಸರಿನಲ್ಲಿರುವ 'ಸಹ'ದ ಅರ್ಥ ಇದೇ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ದಾಟಿದ ಉಗಿಯ ಬಿಸಿಯ ಬಹುಪಾಲು ತಂಪು ನೀರಿಗೆ ಸೇರಿ ವ್ಯರ್ಥವಾಗುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಆ ಬಿಸಿಗೂ ಕೆಲಸವಿದೆ.

ಲಾಭ ಇನ್ನೂ ಒಂದಿದೆ. ಕಬ್ಬು ನುರಿಸುವ ಕಾಲ ದೀಪಾವಳಿಯ ಆಸುಪಾಸಿನಿಂದ ಬೇಸಿಗೆಯ ಮೊದಲ ಭಾಗದವರೆಗೆ. ಮಳೆಗಾಲದಲ್ಲಿ ಜೋರಾಗಿ ತಿರುಗಿದ ಗಾಳಿಯಂತ್ರಗಳು ಆಗ ನಿಧಾನವಾಗಿರುತ್ತವೆ, ಹೊಲಗಳ ಪಂಪುಗಳು ಮಾತ್ರ ಬಿಡುವಿಲ್ಲದೆ ಓಡುತ್ತಿರುತ್ತವೆ. ವಿದ್ಯುತ್ತಿನ ಬೇಡಿಕೆ ಏರುವ ಹೊತ್ತಿಗೇ ಸಿಪ್ಪೆಯ ವಿದ್ಯುತ್ ದೊರೆಯುತ್ತದೆ. ಸಿಪ್ಪೆ ಉರಿದಾಗ ಹೊರಬೀಳುವ ಇಂಗಾಲವು ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ್ದೇ ಆದ್ದರಿಂದ, ನೆಲದಡಿಯ ಕಲ್ಲಿದ್ದಲನ್ನು ಉರಿಸಿದಂತೆ ಹೊಸ ಹೊರೆ ಸೇರುವುದಿಲ್ಲ. ಹಾಗೆಂದು ಹೊಗೆಯೇ ಇಲ್ಲವೆಂದಲ್ಲ. ಹಾರುಬೂದಿಯನ್ನು ಹಿಡಿದಿಡುವ ಯಂತ್ರಗಳು ಸರಿಯಾಗಿ ನಡೆಯದಿದ್ದರೆ ಸುತ್ತಲಿನ ಮನೆಗಳ ಅಂಗಳದಲ್ಲಿ, ಒಣಗಿಸಿದ ಬಟ್ಟೆಯ ಮೇಲೆ ಕಪ್ಪು ಪುಡಿ ಉದುರುವುದು ನಿಶ್ಚಿತ.

ಒಂದು ಎಕರೆಯ ಬೆಳಕು

ಈ ಲೆಕ್ಕವನ್ನು ಏಳನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ. ಹೆಚ್ಚಿನ ಒತ್ತಡದ ಬಾಯ್ಲರ್ ಇರುವ ಕಾರ್ಖಾನೆಯು ತನ್ನ ಯಂತ್ರಗಳಿಗೆ ಟನ್ ಕಬ್ಬಿಗೆ ಸುಮಾರು 30 ಯೂನಿಟ್ ಬಳಸಿಕೊಂಡು, ಮೇಲೆ 70ರಿಂದ 100 ಯೂನಿಟ್ ವಿದ್ಯುತ್ತನ್ನು ಹೊರಗೆ ಮಾರಬಲ್ಲದು. ನಡುವಿನ ಲೆಕ್ಕವಾಗಿ 80 ಯೂನಿಟ್ ಎಂದಿಟ್ಟುಕೊಳ್ಳಬಹುದು. ಎಕರೆಗೆ 40 ಟನ್ ಕಬ್ಬು ಬೆಳೆದ ಹೊಲದಿಂದ 3200 ಯೂನಿಟ್ ವಿದ್ಯುತ್ ಹೊರಡುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ವರ್ಷಕ್ಕೆ 1200 ಯೂನಿಟ್ ಬೇಕು. ಅಂದಮೇಲೆ ಒಂದು ಎಕರೆ ಕಬ್ಬಿನ ಸಿಪ್ಪೆ ಎರಡೂವರೆ ಮನೆಗಳಿಗೆ ವರ್ಷವಿಡೀ ಬೆಳಕು ಕೊಡುತ್ತದೆ. ದಿನಕ್ಕೆ 5000 ಟನ್ ನುರಿಸುವ ಕಾರ್ಖಾನೆಯಿಂದ ದಿನಕ್ಕೆ 4 ಲಕ್ಷ ಯೂನಿಟ್ ಹೊರಬೀಳುತ್ತದೆ.

ದೇಶದ ಸುಮಾರು 550 ಸಕ್ಕರೆ ಕಾರ್ಖಾನೆಗಳಲ್ಲಿ ಸಿಪ್ಪೆಯಿಂದ ಹೆಚ್ಚುವರಿಯಾಗಿ ಸುಮಾರು 14,000 ಮೆಗಾವಾಟ್ ವಿದ್ಯುತ್ ಉತ್ಪಾದಿಸಲು ಸಾಧ್ಯ ಎಂಬುದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಅಂದಾಜು.

ಕಾರ್ಖಾನೆಗಳು ಈ ದಾರಿ ಹಿಡಿಯಲು ಕಾನೂನೂ ನೆರವಾಯಿತು. ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗವು ಸಿಪ್ಪೆಯ ವಿದ್ಯುತ್ತಿನ ಖರೀದಿ ದರದ ಬಗ್ಗೆ 2002ರಲ್ಲಿಯೇ ಆದೇಶ ಹೊರಡಿಸಿತು. ಮರುವರ್ಷ ಬಂದ 2003ರ ವಿದ್ಯುತ್ ಕಾಯ್ದೆಯ 86ನೆಯ ಕಲಮು, ಸಹ-ವಿದ್ಯುತ್ ಉತ್ಪಾದನೆಗೆ ಉತ್ತೇಜನ ನೀಡುವುದನ್ನು ರಾಜ್ಯ ಆಯೋಗಗಳ ಕರ್ತವ್ಯಗಳಲ್ಲಿ ಒಂದಾಗಿ ಸೇರಿಸಿತು. ವಿದ್ಯುತ್ ಕಂಪನಿಗಳು ತಾವು ಪೂರೈಸುವ ವಿದ್ಯುತ್ತಿನಲ್ಲಿ ಇಷ್ಟು ಪಾಲನ್ನು ಇಂಥ ಮೂಲಗಳಿಂದ ಕೊಳ್ಳಬೇಕೆಂದು ಗೊತ್ತುಪಡಿಸುವ ಅಧಿಕಾರವೂ ಆಯೋಗಗಳಿಗೆ ದೊರೆಯಿತು. ಒಂದು ಕಾಲಕ್ಕೆ ಯೂನಿಟ್ಟಿಗೆ ಆರು ರೂಪಾಯಿಯ ಮೇಲಿದ್ದ ದರ, ಸ್ಪರ್ಧಾತ್ಮಕ ಟೆಂಡರ್ ಪದ್ಧತಿ ಬಂದ ಮೇಲೆ ಐದು ರೂಪಾಯಿಯ ಆಸುಪಾಸಿಗೆ ಇಳಿಯಿತು. ಸಾಲ ಮಾಡಿ ಘಟಕ ಕಟ್ಟಿದ ಕಾರ್ಖಾನೆಗಳಿಗೆ ಇದು ಪೆಟ್ಟೆಂಬುದು ನಿಜ. ಹಾಗಿದ್ದರೂ ಐದು ರೂಪಾಯಿಯ ದರದಲ್ಲಿ 80 ಯೂನಿಟ್ಟಿಗೆ 400 ರೂಪಾಯಿ ಆಗುತ್ತದೆ. ಖರ್ಚು ಕಳೆಯುವ ಮೊದಲಿನ ಈ ಮೊತ್ತ, ಒಂದು ಟನ್ ಕಬ್ಬಿನ ಸಿಪ್ಪೆಯದು.

ಸಿಪ್ಪೆ ಯಾರದು?

ತೂಕದ ಕಾಟಾದ ಮೇಲೆ ನಿಲ್ಲುವ ಟ್ರ್ಯಾಕ್ಟರಿನಲ್ಲಿ ಸಕ್ಕರೆ, ನೀರು, ಸಿಪ್ಪೆ ಬೇರೆ ಬೇರೆಯಾಗಿ ಇರುವುದಿಲ್ಲ. ಇಡೀ ಕಬ್ಬು ತೂಗುತ್ತದೆ. ಆದರೆ ಬೆಲೆ ನಿರ್ಧಾರವಾಗುವುದು ಸಕ್ಕರೆಯ ಇಳುವರಿಯ ಮೇಲೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಗೊತ್ತುಪಡಿಸಿದ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ, ಎಂದರೆ ಎಲ್ಲರ ಬಾಯಲ್ಲಿರುವ ಎಫ್‌ಆರ್‌ಪಿ, ಶೇ. 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಶೇ. 0.1ರಷ್ಟು ಏರಿದರೆ ಬೆಲೆ 3 ರೂಪಾಯಿ 46 ಪೈಸೆ ಏರುತ್ತದೆ. ಇಳಿದರೆ ಅಷ್ಟೇ ಇಳಿಯುತ್ತದೆ, ಶೇ. 9.5ರ ಕೆಳಗೆ ಮಾತ್ರ ಕಡಿತವಿಲ್ಲ. ಮಹಾರಾಷ್ಟ್ರದಲ್ಲಿ ಕಟಾವು ಮತ್ತು ಸಾಗಾಟದ ಖರ್ಚನ್ನು ಈ ಬೆಲೆಯಿಂದಲೇ ಮುರಿದುಕೊಳ್ಳುವುದು ರೂಢಿ. ಸಿಪ್ಪೆ ಎಷ್ಟು ಬಂದಿತು, ಅದರಿಂದ ಎಷ್ಟು ವಿದ್ಯುತ್ ಹುಟ್ಟಿತು ಎಂಬುದು ರೈತನ ಕೈಗೆ ಬರುವ ಚೀಟಿಯಲ್ಲಿ ಕಾಣುವುದಿಲ್ಲ.

ಕಾನೂನು ಸಿಪ್ಪೆಯನ್ನು ಪೂರ್ತಿ ಮರೆತಿಲ್ಲ. ಕಬ್ಬಿನ ಬೆಲೆಗೆ ಆಧಾರವಾದ 1966ರ ಕಬ್ಬು ನಿಯಂತ್ರಣ ಆದೇಶದ 3ನೆಯ ಖಂಡದಲ್ಲಿ, ಬೆಲೆ ಗೊತ್ತುಪಡಿಸುವಾಗ ಗಮನಿಸಬೇಕಾದ ಅಂಶಗಳ ಪಟ್ಟಿ ಇದೆ. ಕಾಕಂಬಿ, ಸಿಪ್ಪೆ ಮತ್ತು ಪ್ರೆಸ್‌ಮಡ್ ಮಾರಾಟದಿಂದ ಬರುವ ಹಣ ಅಥವಾ ಅವುಗಳ ಅಂದಾಜು ಮೌಲ್ಯವನ್ನು 2008ರ ಕೊನೆಯಲ್ಲಿ ಆ ಪಟ್ಟಿಗೆ ಸೇರಿಸಲಾಯಿತು. 2012ರ ಅಕ್ಟೋಬರಿನಲ್ಲಿ ಸಿ. ರಂಗರಾಜನ್ ಸಮಿತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಕ್ಕರೆ ಮತ್ತು ಈ ಮೂರು ಉಪಉತ್ಪನ್ನಗಳ ಒಟ್ಟು ಮೌಲ್ಯದಲ್ಲಿ ಸುಮಾರು ಶೇ. 70 ಬೆಳೆಗಾರನಿಗೆ ಸಲ್ಲಬೇಕು, ಸಕ್ಕರೆಯೊಂದನ್ನೇ ಲೆಕ್ಕ ಹಿಡಿದರೆ ಶೇ. 75 ಸಲ್ಲಬೇಕು ಎಂಬುದು ಅದರ ಶಿಫಾರಸು. ಇದರ ಬೆನ್ನಿಗೆ ಮಹಾರಾಷ್ಟ್ರವೂ ಕರ್ನಾಟಕವೂ 2013ರಲ್ಲಿ ಕಬ್ಬಿನ ಕುರಿತು ಕಾಯ್ದೆಗಳನ್ನು ಮಾಡಿದವು. ಮೊದಲು ಎಫ್‌ಆರ್‌ಪಿ, ಹಂಗಾಮು ಮುಗಿದ ಮೇಲೆ ಆದಾಯದ ಲೆಕ್ಕ ಹಾಕಿ ಉಳಿದ ಪಾಲು ಎಂಬ ಪದ್ಧತಿಗೆ ದಾರಿಯಾಯಿತು.

ಇಲ್ಲಿಯೇ ಸೂಕ್ಷ್ಮವಿರುವುದು. ಸೂತ್ರದಲ್ಲಿ ಲೆಕ್ಕಕ್ಕೆ ಬರುವುದು ಸಿಪ್ಪೆಯ ಮೌಲ್ಯ. ಸಿಪ್ಪೆಯಿಂದ ಹುಟ್ಟಿದ ವಿದ್ಯುತ್ತಿನ ಮೌಲ್ಯವಲ್ಲ. ಕಾರ್ಖಾನೆಗಳ ವಾದಕ್ಕೂ ಆಧಾರವಿಲ್ಲದಿಲ್ಲ. ಬಾಯ್ಲರಿಗೆ, ಟರ್ಬೈನಿಗೆ ಕೋಟಿಗಟ್ಟಲೆ ಸಾಲ ತಂದದ್ದು, ಬಡ್ಡಿ ಕಟ್ಟುವುದು, ದರ ಕುಸಿದಾಗ ನಷ್ಟ ಹೊರುವುದು ಕಾರ್ಖಾನೆ. ಜೊತೆಗೆ ಸಿಪ್ಪೆಯಲ್ಲಿ ಒಂದು ಭಾಗ ಸಕ್ಕರೆ ಕಾಯಿಸಲೇ ಉರಿದುಹೋಗುತ್ತದೆ. ರೈತ ಸಂಘಟನೆಗಳ ವಾದವೂ ಅಷ್ಟೇ ನೇರವಾಗಿದೆ. ಕಚ್ಚಾವಸ್ತುವಿನ ಬೆಲೆಯನ್ನು ಕಾರ್ಖಾನೆಯೇ ತನ್ನ ಪುಸ್ತಕದಲ್ಲಿ ತನಗೇ ಮಾರಿದಂತೆ ಬರೆದುಕೊಂಡರೆ ಆ ಬೆಲೆ ಸರಿಯೆಂದು ಹೇಳುವವರು ಯಾರು? ವಿದ್ಯುತ್ ಮತ್ತು ಎಥೆನಾಲ್ ಆದಾಯವನ್ನೂ ಸೂತ್ರದೊಳಗೆ ತರಬೇಕೆಂಬ ಅವುಗಳ ಬೇಡಿಕೆ ಹುಟ್ಟಿದ್ದು ಈ ಅನುಮಾನದಿಂದ.

ಸಿಪ್ಪೆ ಎಂದರೇನು ಎಂಬುದು ನ್ಯಾಯಾಲಯದ ಮುಂದೆಯೂ ಬಂದಿತ್ತು, ಆದರೆ ಬೇರೊಂದು ಸಂದರ್ಭದಲ್ಲಿ. ಅಬಕಾರಿ ಸುಂಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ, ಸಿಪ್ಪೆಯು ಕೃಷಿಯ ಶೇಷವೇ ಹೊರತು ಕಾರ್ಖಾನೆ ತಯಾರಿಸಿದ ಸರಕಲ್ಲ ಎಂದು ಹೇಳಿತು. ಇದು ತೆರಿಗೆಗೆ ಸೀಮಿತವಾದ ತೀರ್ಪು. ಕಬ್ಬಿನ ಬೆಲೆಯ ವ್ಯಾಜ್ಯಕ್ಕೆ ಅದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಆಲೋಚನೆಗೆ ಎಡೆಮಾಡುವ ಮಾತದು. ಸಿಪ್ಪೆಯನ್ನು ಕಾರ್ಖಾನೆ ತಯಾರಿಸಿದ್ದಲ್ಲವಾದರೆ, ಅದು ಹೊಲದಿಂದ ಬಂದದ್ದು ಎಂದೇ ಅರ್ಥ.

ಅದಕ್ಕೆ ಬೆಲೆಯೂ ಇದೆ. ತಮಿಳುನಾಡಿನ ಕರೂರು ಜಿಲ್ಲೆಯಲ್ಲಿ ಸರ್ಕಾರಿ ಸ್ವಾಮ್ಯದ ಕಾಗದದ ಕಾರ್ಖಾನೆಯೊಂದು ದಶಕಗಳಿಂದ ಕಬ್ಬಿನ ಸಿಪ್ಪೆಯನ್ನೇ ಮುಖ್ಯ ಕಚ್ಚಾವಸ್ತುವಾಗಿ ಬಳಸುತ್ತಿದೆ. ಬೇಡಿಕೆಯುಳ್ಳ ವಸ್ತುವನ್ನು ತ್ಯಾಜ್ಯ ಎಂದು ಕರೆಯುವುದು ಕೇವಲ ಹಳೆಯ ಅಭ್ಯಾಸ.

ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರ ಹುಡುಕಲಾಯಿತು. ಭಾರತದಿಂದ ಕೂಲಿಯಾಳುಗಳಾಗಿ ಹೋದವರ ಮೊಮ್ಮಕ್ಕಳು ಅಲ್ಲಿ ಸಣ್ಣ ಕಬ್ಬು ಬೆಳೆಗಾರರಾಗಿದ್ದಾರೆ. ಸಿಪ್ಪೆಯ ವಿದ್ಯುತ್ತಿನಲ್ಲಿ ಆ ನಾಡು ಬಹಳ ಹಿಂದೆಯೇ ಹೆಸರು ಮಾಡಿತು. ಅಲ್ಲಿ ಬೆಳೆಗಾರನಿಗೆ ಸಕ್ಕರೆಯ ಪಾಲಲ್ಲದೆ ವಿದ್ಯುತ್ತಿಗೆ ಬಳಕೆಯಾದ ಸಿಪ್ಪೆಗಾಗಿಯೂ ಪ್ರತ್ಯೇಕ ನಿಧಿಯಿಂದ ಹಣ ಸಲ್ಲುತ್ತದೆ. 1994ರಲ್ಲಿ ಸ್ಥಾಪನೆಯಾದ ಟ್ರಸ್ಟೊಂದರ ಮೂಲಕ ಬೆಳೆಗಾರರೂ ಕಾರ್ಮಿಕರೂ ಕಾರ್ಖಾನೆಗಳಲ್ಲಿ ಷೇರುದಾರರಾದರು. ಪ್ರತ್ಯೇಕ ಸಾಲಿನಲ್ಲಿ ಸಿಪ್ಪೆಯ ಹಣ ಬರೆದು ಕೊಡುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಈ ಉದಾಹರಣೆ ಸಾಕು.

ತಾಳೆಬಂದ ಓದುವ ಮಗು

ದೊಡ್ಡ ಸೂತ್ರಗಳು ಮುಂಬಯಿ, ದಿಲ್ಲಿಗಳಲ್ಲಿ ಬದಲಾಗಬೇಕು. ಆದರೆ ಮನೆಯಲ್ಲಿ ಕುಳಿತು ಮಾಡಬಹುದಾದ ಕೆಲಸವೂ ಇದೆ. ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಸಲ್ಲದಿದ್ದರೆ ವಿಳಂಬದ ಅವಧಿಗೆ ವರ್ಷಕ್ಕೆ ಶೇ. 15ರಂತೆ ಬಡ್ಡಿ ಸಲ್ಲಬೇಕೆಂದು 1966ರ ಆದೇಶವೇ ಹೇಳುತ್ತದೆ. ತೂಕದ ಚೀಟಿಯ ಮೇಲಿನ ದಿನಾಂಕವೇ ಇದಕ್ಕೆ ಸಾಕ್ಷಿ. ಆದ್ದರಿಂದ ಚೀಟಿಯನ್ನು ಪಾಸ್‌ಬುಕ್ಕಿನಷ್ಟೇ ಜೋಪಾನವಾಗಿ ಇಡಬೇಕು.

ಸಹಕಾರಿ ಕಾರ್ಖಾನೆಯ ಸದಸ್ಯನಿಗೆ ಇನ್ನೊಂದು ಹಕ್ಕಿದೆ. ಮಹಾರಾಷ್ಟ್ರ ಸಹಕಾರಿ ಸಂಘಗಳ 1960ರ ಕಾಯ್ದೆಯ 32ನೆಯ ಕಲಮಿನ ಪ್ರಕಾರ, ಲೆಕ್ಕಪರಿಶೋಧನೆಯಾದ ಇತ್ತೀಚಿನ ಆಸ್ತಿ-ಹೊಣೆ ಪಟ್ಟಿಯನ್ನೂ ಲಾಭ-ನಷ್ಟದ ಪತ್ರಿಕೆಯನ್ನೂ ತನ್ನ ವ್ಯವಹಾರ ದಾಖಲಾದ ಪುಟಗಳನ್ನೂ ಕಚೇರಿಯ ವೇಳೆಯಲ್ಲಿ ಶುಲ್ಕವಿಲ್ಲದೆ ನೋಡಬಹುದು. ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಪ್ರಶ್ನೆ ಕೇಳಬಹುದು. ಖಾಸಗಿ ಕಾರ್ಖಾನೆಗೆ ಕಬ್ಬು ಕೊಟ್ಟವರಿಗೆ ಈ ಕಲಮು ಒದಗುವುದಿಲ್ಲ. ಸಹಕಾರಿ ಸಂಘಗಳು ಸಾಮಾನ್ಯವಾಗಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯ ಸಾರ್ವಜನಿಕ ಪ್ರಾಧಿಕಾರಗಳಲ್ಲ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿರುವುದರಿಂದ, ಮಾಹಿತಿಯ ಅರ್ಜಿಯನ್ನು ಕಾರ್ಖಾನೆಗೆ ಕೊಡುವುದಕ್ಕಿಂತ ಪುಣೆಯ ಸಕ್ಕರೆ ಆಯುಕ್ತರ ಕಚೇರಿಗೆ ಕೊಡುವುದು ಮೇಲು. ಅದು ಸರ್ಕಾರಿ ಕಚೇರಿ. ಆದಾಯ ಹಂಚಿಕೆಯ ಲೆಕ್ಕಗಳು ಅಲ್ಲಿಗೆ ಹೋಗುತ್ತವೆ.

ತೊಡಕು ಬರುವುದು ಭಾಷೆಯಲ್ಲಿ. ವಾರ್ಷಿಕ ವರದಿ ಮರಾಠಿಯಲ್ಲಿ ಅಚ್ಚಾಗುತ್ತದೆ. ಗಡಿಯ ಹಳ್ಳಿಗಳಲ್ಲಿ ಕನ್ನಡ ಶಾಲೆಯಲ್ಲಿ ನಾಲ್ಕು ತರಗತಿ ಓದಿದ ಅಜ್ಜನಿಗೆ, ಸಹಿ ಮಾತ್ರ ಬರುವ ಅಜ್ಜಿಗೆ ಅದು ತೆರೆಯದ ಬಾಗಿಲು. ಹೊಲದ ಉತಾರ ಅವರ ಹೆಸರಿನಲ್ಲಿದೆ, ಷೇರು ಅವರ ಹೆಸರಿನಲ್ಲಿದೆ, ವರದಿ ಮಾತ್ರ ಗೂಡಿನಲ್ಲಿ ಧೂಳು ಹಿಡಿಯುತ್ತದೆ.

ಆದರೆ ಅದೇ ಮನೆಯ ಮಗು ಕನ್ನಡ ಮಾಧ್ಯಮದ ಶಾಲೆಯಲ್ಲಿ ಮರಾಠಿಯನ್ನೂ ಕಲಿಯುತ್ತಿದೆ. ಎರಡೂ ಅಕ್ಷರಗಳು ಅದಕ್ಕೆ ಗೊತ್ತು. 'ತಾಳೆಬಂದ' ಎಂದರೆ ಆಸ್ತಿ-ಹೊಣೆಯ ಪಟ್ಟಿ, 'ನಫಾ-ತೋಟಾ ಪತ್ರಕ' ಎಂದರೆ ಲಾಭ-ನಷ್ಟದ ಪತ್ರಿಕೆ, 'ಉಪಪದಾರ್ಥ' ಎಂದರೆ ಉಪಉತ್ಪನ್ನ, 'ಸಹವೀಜ ನಿರ್ಮಿತಿ' ಎಂದರೆ ಸಹ-ವಿದ್ಯುತ್ ಉತ್ಪಾದನೆ. ಈ ನಾಲ್ಕು ಪದಗಳನ್ನು ತಿಳಿದ ವಿದ್ಯಾರ್ಥಿ ವರದಿಯ ಪುಟ ತಿರುವಿ, ಬಗ್ಯಾಸದ ಸಾಲಿನ ಮುಂದೆ ಎಷ್ಟು ಮೊತ್ತವಿದೆ, ವಿದ್ಯುತ್ ಮಾರಾಟದ ಸಾಲಿನ ಮುಂದೆ ಎಷ್ಟಿದೆ ಎಂಬುದನ್ನು ಅಜ್ಜನಿಗೆ ಕನ್ನಡದಲ್ಲಿ ಓದಿ ಹೇಳಬಲ್ಲ. ನುರಿಸಿದ ಒಟ್ಟು ಕಬ್ಬಿನ ಟನ್ನುಗಳಿಂದ ಆ ಮೊತ್ತಗಳನ್ನು ಭಾಗಿಸಿದರೆ ಟನ್ನಿಗೆ ಎಷ್ಟೆಂಬುದು ಸಿಗುತ್ತದೆ. ಅದನ್ನು ಮನೆಯ ಟನ್ನುಗಳಿಂದ ಗುಣಿಸಿದರೆ ತಮ್ಮ ಹೊಲದ ಸಿಪ್ಪೆಯ ಬೆಲೆ ಎಷ್ಟಾಯಿತೆಂಬುದು ತಿಳಿಯುತ್ತದೆ.

ಈ ಲೆಕ್ಕದಿಂದ ಮರುದಿನವೇ ಹಣ ಕೈಗೆ ಬರಲಾರದು. ಆದರೆ ಮುಂದಿನ ಸಾಮಾನ್ಯ ಸಭೆಯಲ್ಲಿ ಅಜ್ಜ ಎದ್ದು ನಿಂತು, ವರದಿಯ ಇಂಥ ಪುಟದಲ್ಲಿ ಇಂಥ ಮೊತ್ತವಿದೆ, ಇದರಲ್ಲಿ ಬೆಳೆಗಾರನ ಪಾಲು ಯಾವ ಸಾಲಿನಲ್ಲಿದೆ ಎಂದು ಕೇಳಬಲ್ಲ. ವೇದಿಕೆಯ ಮೇಲಿದ್ದವರು ಆಗ ಪುಟ ತೆರೆದು ನೋಡಲೇಬೇಕಾಗುತ್ತದೆ. ಕಾಟಾದ ಮೇಲೆ ಇಡೀ ಕಬ್ಬು ತೂಗಿದ ಮೇಲೆ ಲೆಕ್ಕದ ಪುಸ್ತಕದಲ್ಲಿಯೂ ಇಡೀ ಕಬ್ಬು ಕಾಣಬೇಕೆಂದು ಕೇಳುವುದು ಯಾರ ಮೇಲಿನ ದೂರೂ ಅಲ್ಲ, ಬೆಳೆದವನ ಹಕ್ಕು.